ಹೊಸ ಡೀಸೆಲ್ ಪಿಕಪ್: ಜನರನ್ನು ಕೂರಿಸುವುದು, ಸಾಮಾನು ಹೇರುವುದು, ಗಾಡಿ ಓಡಿಸುವುದು

ತೋಟ, ಹೊಲ, ಕಟ್ಟಡದ ಕೆಲಸ, ಸಂತೆ ವ್ಯಾಪಾರ, ಯಾವುದಕ್ಕೇ ಆಗಲಿ, ಪಿಕಪ್ ಮನೆಗೆ ಬಂದ ವಾರದೊಳಗೆ ಏಳುವ ಪ್ರಶ್ನೆ ಒಂದೇ: ಸಾಮಾನಿನ ಜೊತೆಗೆ ಜನರನ್ನೂ ಕರೆದುಕೊಂಡು ಹೋಗಬಹುದಲ್ಲವೇ? ಹೋಗಬಹುದು. ಕ್ಯಾಬಿನ್‌ನಲ್ಲಿ ಸೀಟು ಇರುವಷ್ಟು ಜನ. ಹಿಂದಿನ ಬಾಡಿಯಲ್ಲಿ ಒಬ್ಬರೂ ಕೂಡದು. ಈ ಬರಹದ ಅರ್ಧ ಭಾಗ ಇದರ ವಿವರಣೆ. ಉಳಿದರ್ಧ ಈಗಿನ ಬಿಎಸ್‌-6 (ಹೊಗೆಯ ಮಾಲಿನ್ಯಕ್ಕೆ ಸರ್ಕಾರ ಹಾಕಿದ ಮಿತಿ) ಡೀಸೆಲ್ ಎಂಜಿನ್ ಕುರಿತದ್ದು. ಹಳೆಯ ಗಾಡಿಗಳಲ್ಲಿ ಕೈ ಪಳಗಿದವರೇ ಇದನ್ನು ಹೆಚ್ಚು ಕೆಡಿಸುತ್ತಾರೆ, ಏಕೆಂದರೆ ಅವರಿಗೆ ಹಳೆಯ ಎಂಜಿನ್ ಎಲ್ಲವನ್ನೂ ಸಹಿಸಿಕೊಂಡದ್ದು ಗೊತ್ತು.

ಬುಕ್ ಮಾಡುವ ಮೊದಲು: ದಿನಾ ಎಷ್ಟು ಜನ?

ನಿಮ್ಮ ಕೆಲಸಕ್ಕೆ ದಿನಾ ನಾಲ್ಕು ಜನ ಬರುತ್ತಾರೆ ಎಂದಾದರೆ ಸಿಂಗಲ್ ಕ್ಯಾಬಿನ್ ಗಾಡಿ ನಿಮಗಲ್ಲ. ಷೋರೂಮಿನಲ್ಲಿ ಹೆಚ್ಚು ಭಾರ ಹೊರುವ ಮಾದರಿ ತೋರಿಸುತ್ತಾರೆ, ಕಂತು ಕಡಿಮೆ ಎನ್ನುತ್ತಾರೆ, ಹಿಂದೆ ಇಷ್ಟು ಜಾಗ ಇದೆಯಲ್ಲ ಎಂದು ಬಾಡಿಯನ್ನು ತಟ್ಟುತ್ತಾರೆ. ಆ ತಟ್ಟುವಿಕೆಗೆ ಮರುಳಾಗಬೇಡಿ. ಮಹೀಂದ್ರ ಬೊಲೆರೊ ಕ್ಯಾಂಪರ್, ಟಾಟಾ ಯೋಧ ಕ್ರೂ ಕ್ಯಾಬ್‌ನಂತಹ ಡಬಲ್ ಕ್ಯಾಬಿನ್ ಗಾಡಿಗಳಲ್ಲಿ ಚಾಲಕನ ಜೊತೆ ನಾಲ್ವರು ಕೂರಬಹುದು. ಇಸುಜು ವಿ-ಕ್ರಾಸ್, ಟೊಯೊಟ ಹೈಲಕ್ಸ್ ಕೂಡ ಐದು ಸೀಟಿನವೇ, ಆದರೆ ಬೆಲೆ ಬೇರೆ ಲೋಕದ್ದು. ಡಬಲ್ ಕ್ಯಾಬಿನ್‌ನಲ್ಲಿ ಬಾಡಿ ಗಿಡ್ಡವಾಗುತ್ತದೆ, ಹೊರುವ ಭಾರವೂ ಇಳಿಯುತ್ತದೆ. ಅಡಿಕೆ ಗೊನೆಗೆ ಒಂದು ಟ್ರಿಪ್ ಹೆಚ್ಚು ಹೊಡೆಯಬೇಕಾಗಬಹುದು. ಹೊಡೆಯಿರಿ.

ದಿನಾ ಹತ್ತು ಜನ ಬರುತ್ತಾರೆ ಎಂದಾದರೆ ಪಿಕಪ್‌ ಲೆಕ್ಕವನ್ನೇ ಬಿಡಿ. ಸಾಮಾನಿಗೆ ಪಿಕಪ್, ಜನರಿಗೆ ಬಾಡಿಗೆ ವ್ಯಾನು ಎಂದು ಬೇರೆ ಮಾಡಿ.

ಕಾಗದದಲ್ಲಿ ನೋಡಬೇಕಾದ ಮೂರು ಸಂಗತಿ

ಡೆಲಿವರಿ ದಿನ ಗಾಡಿಗೆ ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವ ಗಡಿಬಿಡಿಯಲ್ಲಿ ಆರ್‌ಸಿಯನ್ನು, ಅಂದರೆ ನೋಂದಣಿ ಪತ್ರವನ್ನು, ಯಾರೂ ಓದುವುದಿಲ್ಲ. ನೋಂದಣಿಯಾಗಿ ಕೈಗೆ ಬಂದ ಮೇಲಾದರೂ ಓದಿ.

ಮೊದಲನೆಯದು ಸೀಟುಗಳ ಸಂಖ್ಯೆ. ಅಲ್ಲಿ 5 ಎಂದಿದ್ದರೆ ಚಾಲಕನೂ ಸೇರಿ ಐದು. ನೋಂದಣಿ ಪತ್ರದಲ್ಲಿ ಇರುವುದಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಸಾರಿಗೆ ವಾಹನದಲ್ಲಿ ಕರೆದೊಯ್ದರೆ ಮೋಟಾರು ವಾಹನ ಕಾಯ್ದೆಯ 194ಎ ಕಲಂನಂತೆ ಹೆಚ್ಚುವರಿ ತಲೆಗೆ 200 ರೂಪಾಯಿ ದಂಡ, ಜೊತೆಗೆ ಅವರನ್ನು ಇಳಿಸಿ ಬೇರೆ ವಾಹನ ಗೊತ್ತು ಮಾಡುವವರೆಗೆ ಗಾಡಿ ಅಲ್ಲಿಂದ ಕದಲುವಂತಿಲ್ಲ. ದಂಡ ಸಣ್ಣದು ಎಂದು ನಗಬೇಡಿ. ನಿಜವಾದ ಪೆಟ್ಟು ವಿಮೆಯಲ್ಲಿದೆ. ಸರಕು ವಾಹನದಲ್ಲಿ ಬಿಟ್ಟಿ ಪ್ರಯಾಣಿಕರಾಗಿ ಹೋದವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ ಕಾನೂನಿನ ರಕ್ಷಣೆ ಉಂಟು, ಆದರೆ ಅವನೂ ಕ್ಯಾಬಿನ್‌ನಲ್ಲೇ ಕೂರಬೇಕು, ಮೂಟೆಯ ಮೇಲಲ್ಲ. ಬಾಡಿಯಲ್ಲಿದ್ದವರಿಗೆ ಅಪಘಾತವಾದರೆ ಪರಿಹಾರದ ಮೊತ್ತ ನಿಮ್ಮ ಜಮೀನನ್ನು ಹುಡುಕಿಕೊಂಡು ಬರಬಹುದು.

ಎರಡನೆಯದು ಪಾಲಿಸಿ. ಚಾಲಕ, ಕ್ಲೀನರ್, ಹಮಾಲಿ ಎಂದು ಎಷ್ಟು ಜನರ ಹೊಣೆಗೆ ಪ್ರೀಮಿಯಂ ಕಟ್ಟಿದೆ ಎಂಬುದು ಪಾಲಿಸಿಯಲ್ಲಿ ಬೇರೆಯಾಗಿ ನಮೂದಾಗಿರುತ್ತದೆ. ಷೋರೂಮಿನವರು ಮಾಡಿಸಿಕೊಟ್ಟ ಪಾಲಿಸಿಯಲ್ಲಿ ಚಾಲಕ ಒಬ್ಬನೇ ಇರಬಹುದು. ಕೂರುವ ಕೆಲಸದವರನ್ನೂ ಸೇರಿಸಲು ಕೇಳಿ. ಹೆಚ್ಚುವರಿ ಹಣ ದೊಡ್ಡದಲ್ಲ.

ಮೂರನೆಯದು ಪರವಾನಗಿ ಮತ್ತು ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ). ಕಾರಿನ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇರುವವರು 7,500 ಕೆಜಿ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಎತ್ತಿಹಿಡಿದಿದೆ, ಹಾಗಾಗಿ ಪಿಕಪ್‌ಗೆ ಬೇರೆ ಬ್ಯಾಡ್ಜ್‌ ಬೇಕೆಂದು ಹೆದರಿಸುವವರ ಮಾತು ಕೇಳಬೇಡಿ. ಒಟ್ಟು ತೂಕ 3,000 ಕೆಜಿ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಡ, ಮೀರಿದರೆ ಬೇಕು. ಹೊಸ ಗಾಡಿಯ ಎಫ್‌ಸಿ ಎರಡು ವರ್ಷ ನಡೆಯುತ್ತದೆ. ಮುಗಿಯುವ ತಾರೀಕನ್ನು ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಿ, ಅಷ್ಟು ಸಾಕು.

ಬಾಡಿಯಲ್ಲಿ ಏಕೆ ಕೂಡದು

"ಅಣ್ಣಾ, ಹತ್ತೇ ನಿಮಿಷದ ದಾರಿ, ಹಿಂದೆ ನಿಂತುಕೊಳ್ಳುತ್ತೇವೆ" ಎನ್ನುವವರಿಗೆ ಕಾನೂನು ಹೇಳಿ ಪ್ರಯೋಜನವಿಲ್ಲ, ಕಾರಣ ಹೇಳಬೇಕು. ಪಿಕಪ್ಪಿನ ಹಿಂದಿನ ಲೀಫ್ ಸ್ಪ್ರಿಂಗ್ ಪ್ಲೇಟುಗಳು ಟನ್ ಲೆಕ್ಕದ ಭಾರಕ್ಕೆ ಮಾಡಿದವು. ನಾಲ್ಕೈದು ಜನರ ತೂಕಕ್ಕೆ ಅವು ಬಗ್ಗುವುದೇ ಇಲ್ಲ. ಆದ್ದರಿಂದ ಹಂಪ್ ಬಂದಾಗ ಕ್ಯಾಬಿನ್‌ನಲ್ಲಿ ಕೂತ ಚಾಲಕನಿಗೆ ಸಣ್ಣ ಕುಲುಕಾಟ ಅನ್ನಿಸಿದ್ದು ಹಿಂದೆ ನಿಂತವರನ್ನು ನೆಲದಿಂದ ಎತ್ತಿ ಹಾಕುತ್ತದೆ. ಪಕ್ಕದ ಡಾಲಾ, ಅಂದರೆ ಬಾಡಿಯ ಸುತ್ತಲಿನ ತಡೆಹಲಗೆ, ನಿಂತವನ ತೊಡೆಯವರೆಗೂ ಬರುವುದಿಲ್ಲ. ದೇಹದ ಭಾರವೆಲ್ಲ ಅದಕ್ಕಿಂತ ಮೇಲಿರುವುದರಿಂದ ತಿರುವಿನಲ್ಲಿ ಅದು ತಡೆಯುವ ಬದಲು ಮಗುಚಲು ಸಹಾಯ ಮಾಡುತ್ತದೆ. ಮೇಲಾಗಿ, ಹಿಂದೆ ನಿಂತವರು ಒಂದೇ ಕಡೆ ವಾಲಿದರೆ ಗಾಡಿಯೂ ವಾಲುತ್ತದೆ.

ಟಾರ್ಪಾಲ್ ಹೊದಿಸಿದ ಬಾಡಿ ಇನ್ನೂ ಕೆಟ್ಟದ್ದು. ಓಡುವ ಗಾಡಿಯ ಹಿಂದೆ ಉಂಟಾಗುವ ಗಾಳಿಯ ಸೆಳೆತ ಹೊಗೆಯನ್ನು ಒಳಗೆಳೆದುಕೊಳ್ಳುತ್ತದೆ. ಮಳೆಗೆಂದು ನಾಲ್ಕೂ ಕಡೆ ಕಟ್ಟಿದ ಟಾರ್ಪಾಲಿನ ಒಳಗೆ ಜನ ಕೂತರೆ ಮೊದಲು ತಲೆನೋವು, ಆಮೇಲೆ ವಾಂತಿ.

ಹೇರಿದ ಲೋಡಿನ ಮೇಲೆ ಕೂರುವುದರ ಫಲ ಏನೆಂದು 2025ರ ಜನವರಿ 22ರ ನಸುಕಿನಲ್ಲಿ ಕಂಡಿದ್ದೇವೆ. ಸವಣೂರಿನಿಂದ ಕುಮಟಾದ ಸಂತೆಗೆ ಹಣ್ಣು ತರಕಾರಿ ಹೊತ್ತು ಹೊರಟ ಲಾರಿ ಯಲ್ಲಾಪುರದ ಬಳಿ ಘಟ್ಟದಲ್ಲಿ ಉರುಳಿತು. ಸರಕಿನ ಜೊತೆಗೇ ಪ್ರಯಾಣಿಸುತ್ತಿದ್ದ ವ್ಯಾಪಾರಿಗಳಲ್ಲಿ ಕನಿಷ್ಠ ಹತ್ತು ಮಂದಿ ಸತ್ತರು. ಅವರು ಯಾರದೋ ಗಾಡಿ ಕೈಮಾಡಿ ಹತ್ತಿದವರಲ್ಲ, ತಮ್ಮ ಸರಕಿನ ಜೊತೆ ಹೊರಟ ದುಡಿಯುವ ಜನ.

ಕೂರಿಸುವ ಕ್ರಮ

1. ಗಾಡಿಯನ್ನು ರಸ್ತೆಯ ಎಡಕ್ಕೆ ಪೂರ್ತಿ ತಂದು, ಹ್ಯಾಂಡ್ ಬ್ರೇಕ್ ಎಳೆದು, ಎಡಬದಿಯ ಬಾಗಿಲಿನಿಂದಲೇ ಹತ್ತಿಸಿ. ಬಲಬದಿಯ ಹಿಂದಿನ ಬಾಗಿಲು ರಸ್ತೆಗೆ ತೆರೆಯುತ್ತದೆ. ಇಳಿಯುವ ಆತುರದಲ್ಲಿ ಬೈಕಿನವನ ಎದೆಗೆ ಬಡಿಯುವುದು ಅದೇ.

2. ಮೊದಲು ಕೈಯಲ್ಲಿರುವುದನ್ನು ಹಿಂದೆ ಇಡಿಸಿ. ಕತ್ತಿ, ಗುದ್ದಲಿ, ಕಳೆ ಕೊಚ್ಚುವ ಯಂತ್ರ, ಅದರ ಪೆಟ್ರೋಲ್ ಕ್ಯಾನು, ಔಷಧಿ ಹೊಡೆಯುವ ಪಂಪು, ಕೀಟನಾಶಕದ ಬಾಟಲಿ, ಇವು ಯಾವುವೂ ಕ್ಯಾಬಿನ್‌ನಲ್ಲಿ ಬರಕೂಡದು. ಕತ್ತಿಯನ್ನು ಗೋಣಿಯಲ್ಲಿ ಸುತ್ತಿ ಸೀಟಿನ ಕೆಳಗೆ ತುರುಕುವ ಅಭ್ಯಾಸ ನಮ್ಮ ಮಲೆನಾಡಿನ ಕಡೆ ಎಲ್ಲರಿಗೂ ಇದೆ. ಜೋರಾಗಿ ಬ್ರೇಕ್ ಹಾಕಿದ ಕ್ಷಣ ಅದು ಸೀಟಿನ ಕೆಳಗಿಂದ ಜಾರಿ ಮುಂದಿನವನ ಹಿಮ್ಮಡಿಗೆ ಬರುತ್ತದೆ, ಅಥವಾ ಇನ್ನೂ ಕೆಟ್ಟದಾಗಿ, ಬ್ರೇಕ್ ಪೆಡಲಿನ ಕೆಳಗೆ ಸೇರುತ್ತದೆ. ಬಾಡಿಯ ಮುಂಭಾಗಕ್ಕೆ ಬೀಗ ಹಾಕುವ ಒಂದು ಕಬ್ಬಿಣದ ಪೆಟ್ಟಿಗೆಯನ್ನು ಬೋಲ್ಟ್ ಮಾಡಿಸಿ. ಹೊಸ ಪಿಕಪ್‌ಗೆ ಮಾಡಿಸಬೇಕಾದ ಮೊದಲ ಕೆಲಸ ಅದು. ಮ್ಯೂಸಿಕ್ ಸಿಸ್ಟಮ್ ಆಮೇಲೆ.

3. ಬೆಲ್ಟ್. ಹಿಂದಿನ ಸೀಟಿನವರಿಗೂ ಕಡ್ಡಾಯ. ಹಾಕಿಕೊಳ್ಳದ ಹಿಂದಿನ ಸವಾರ ಡಿಕ್ಕಿಯಲ್ಲಿ ಮುಂದಿನ ಸೀಟಿಗೆ ಬಡಿದು, ಬೆಲ್ಟ್ ಹಾಕಿದ ಮುಂದಿನವರನ್ನೂ ಕೊಲ್ಲಬಲ್ಲ. ಪಟ್ಟಿ ಸೊಂಟದ ಮೂಳೆಯ ಮೇಲೆ ಬರಬೇಕು, ಹೊಟ್ಟೆಯ ಮೇಲಲ್ಲ. ಸೀರೆ ಉಟ್ಟವರಿಗೆ ನೆರಿಗೆಯ ಉಬ್ಬಿನ ಮೇಲೆ ಪಟ್ಟಿ ಏರಿ ಕೂರುತ್ತದೆ. ಕೂತ ಮೇಲೆ ಒಮ್ಮೆ ಕೆಳಕ್ಕೆ ಎಳೆದುಕೊಂಡು ಬಿಗಿ ಮಾಡಿಕೊಳ್ಳಬೇಕು. ಗರ್ಭಿಣಿಯರಿಗೆ ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗಿಂದ, ಮೇಲಿನ ಪಟ್ಟಿ ಎದೆಯ ನಡುವಿನಿಂದ ಹೋಗಬೇಕು. "ಉಸಿರು ಕಟ್ಟುತ್ತದೆ ಸ್ವಾಮಿ" ಎನ್ನುವವರಿಗೆ ಗದರಿ ಫಲವಿಲ್ಲ. ಎಲ್ಲರದೂ ಕ್ಲಿಕ್ ಎನ್ನುವವರೆಗೆ ಗೇರಿಗೆ ಕೈ ಹಾಕದಿದ್ದರೆ ಸರಿ, ನಾಲ್ಕು ದಿನದಲ್ಲಿ ಅವರೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

4. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿ ಮುಂದಿನ ಸೀಟಿನಲ್ಲಿ ಕರೆದೊಯ್ಯಬೇಡಿ. 60 ಕಿಲೋಮೀಟರ್ ವೇಗದ ಡಿಕ್ಕಿಯಲ್ಲಿ ಮಗುವನ್ನು ಹಿಡಿದುಕೊಳ್ಳುವ ತೋಳು ಯಾರಿಗೂ ಇಲ್ಲ. ಹಿಂದಿನ ಸೀಟು, ಚಿಕ್ಕವರಿಗೆ ಮಕ್ಕಳ ಸೀಟು, ಚೈಲ್ಡ್ ಲಾಕ್ ಹಾಕಿದ ಬಾಗಿಲು.

5. ಹೊರಡುವ ಮುನ್ನ ಗಾಡಿಯ ಸುತ್ತ ಒಂದು ಸುತ್ತು ನಡೆಯಿರಿ. ಪಿಕಪ್ಪಿನ ಡಾಲಾದ ಹಿಂದೆ ಕೂತು ಆಡುವ ಮಗು ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ.

ತೂಕದ ಲೆಕ್ಕ

ಆರ್‌ಸಿಯಲ್ಲಿ ಎರಡು ತೂಕ ಇರುತ್ತವೆ: ಖಾಲಿ ಗಾಡಿಯದು, ಹೇರಿದ ಗಾಡಿಯದು. ಎರಡರ ವ್ಯತ್ಯಾಸವೇ ನೀವು ಹೊರಬಹುದಾದದ್ದು. ಹಲವರಿಗೆ ತಿಳಿಯದ ಸಂಗತಿ, ಜನರ ತೂಕವನ್ನೂ ಇದರಲ್ಲೇ ಕಳೆಯಬೇಕು; ಖಾಲಿ ತೂಕದಲ್ಲಿ ಚಾಲಕನೂ ಸೇರಿಲ್ಲ. ವ್ಯತ್ಯಾಸ 1,000 ಕೆಜಿ ಎಂದುಕೊಳ್ಳಿ. ತಲಾ 65 ಕೆಜಿಯ ಐವರು ಕೂತರೆ 325 ಹೋಯಿತು, ಉಳಿದದ್ದು 675. ಅಂದರೆ 45 ಕೆಜಿಯ ಯೂರಿಯಾ ಚೀಲ ಹದಿನೈದು. 50 ಕೆಜಿಯ ಸಿಮೆಂಟ್ ಚೀಲವಾದರೆ ಹದಿಮೂರು. ಬಾಡಿಯಲ್ಲಿ ಇನ್ನೂ ಬೇಕಾದಷ್ಟು ಜಾಗ ಉಳಿದಿರುತ್ತದೆ, ಅದೇ ಮೋಸ. ಮರಳಿನಲ್ಲಂತೂ ಕಣ್ಣಳತೆ ನಂಬಲೇಬೇಡಿ: ಐದಡಿ ಉದ್ದ, ಐದಡಿ ಅಗಲದ ಬಾಡಿಯಲ್ಲಿ ಒಂದೇ ಅಡಿ ಎತ್ತರ ಮರಳು ತುಂಬಿದರೆ ಒಂದು ಟನ್ ದಾಟುತ್ತದೆ.

ಭಾರವಾದದ್ದು ಕೆಳಗೆ, ಕ್ಯಾಬಿನ್‌ಗೆ ಒತ್ತಿಕೊಂಡು, ಹಿಂದಿನ ಆಕ್ಸಲ್‌ಗಿಂತ ಮುಂದೆ. ಹಿಂದಿನ ಡಾಲಾ ಕಡೆಗೆ ಭಾರ ಸರಿದರೆ ಮುಂದಿನ ಚಕ್ರಗಳು ಹಗುರವಾಗುತ್ತವೆ, ಸ್ಟೇರಿಂಗ್ ತೇಲಿದಂತೆ ಆಗುತ್ತದೆ, ಬ್ರೇಕ್ ಹಾಕಿದಾಗ ಗಾಡಿ ನೇರ ನಿಲ್ಲುವುದಿಲ್ಲ. 200 ಲೀಟರ್ ನೀರಿನ ಡ್ರಮ್ಮನ್ನು ಪೂರ್ತಿ ತುಂಬಿಸಿ ಅಥವಾ ಖಾಲಿ ಒಯ್ಯಿರಿ. ಅರ್ಧ ತುಂಬಿದ ನೀರು ತಿರುವಿನಲ್ಲಿ ಹೊರಳಿ ಗಾಡಿಯನ್ನು ಎಳೆಯುತ್ತದೆ. ಉದ್ದನೆಯ ಪೈಪು, ಕಬ್ಬಿಣದ ಸರಳುಗಳನ್ನು ಕ್ಯಾಬಿನ್ನಿನ ಹಿಂದಿನ ಗಾಜಿಗೆ ಮುಖ ಮಾಡಿ ಇಡುವುದೆಂದರೆ ಹಿಂದಿನ ಸೀಟಿನವರ ತಲೆಗೆ ಗುರಿ ಇಟ್ಟಂತೆ. ಅಡ್ಡ ಹಲಗೆ ಕೊಟ್ಟು, ಹಗ್ಗ ಅಡ್ಡಾದಿಡ್ಡಿ ಹಾಯಿಸಿ ಕೊಕ್ಕೆಗಳಿಗೆ ಕಟ್ಟಿ, ಐದಾರು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿ ಮಾಡಿ. ಮೊದಲ ಕುಲುಕಾಟಕ್ಕೆ ಎಲ್ಲ ಹಗ್ಗವೂ ಸಡಿಲವಾಗುತ್ತದೆ.

ಟೈರಿನ ಗಾಳಿ ಚಾಲಕನ ಬಾಗಿಲ ಬಳಿಯ ಸ್ಟಿಕರ್‌ನಂತೆ ಇರಲಿ. ಹಿಂದಿನ ಚಕ್ರಕ್ಕೆ ಖಾಲಿಗೊಂದು, ಲೋಡಿಗೊಂದು ಅಳತೆ ಕೊಟ್ಟಿರುತ್ತಾರೆ. ಗಾಳಿ ಹಾಕುವವನು ಎಲ್ಲಕ್ಕೂ ಒಂದೇ ಸಂಖ್ಯೆ ಹೊಡೆಯಲು ನೋಡುತ್ತಾನೆ, ಪಕ್ಕದಲ್ಲಿ ನಿಲ್ಲಿ.

ಮೊದಲ ಸಾವಿರ ಕಿಲೋಮೀಟರ್

ಹೊಸ ಎಂಜಿನ್‌ಗೆ ಪೂರ್ತಿ ಲೋಡು ಬೇಡ, ಅರ್ಧ ಸಾಕು. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ, ಎಕ್ಸಲರೇಟರ್ ತಳ ಮುಟ್ಟಿಸಬೇಡಿ. ಡೀಸೆಲ್ ಗಾಡಿ ಎಂದು ಟಾಪ್ ಗೇರಿನಲ್ಲಿ ಮುಕ್ಕರಿಸುತ್ತ ಏರು ಹತ್ತಿಸುವುದು ಅದಕ್ಕಿಂತ ಕೆಟ್ಟದ್ದು, ಒಂದು ಗೇರ್ ಇಳಿಸಿ. ಮೊದಲ ನೂರು ಕಿಲೋಮೀಟರ್ ಒಳಗೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ. ಖಾಲಿ ಗಾಡಿಯ ಬ್ರೇಕನ್ನು ಒಂದು ನಿರ್ಜನ ರಸ್ತೆಯಲ್ಲಿ ಒದ್ದೆ ಮಣ್ಣಿನ ಮೇಲೂ ಒಣ ಡಾಂಬರಿನ ಮೇಲೂ ಹಾಕಿ ನೋಡಿ. ಹಿಂಬದಿ ಹಗುರವಾದ ಪಿಕಪ್ ಮಳೆಯಲ್ಲಿ ಎಷ್ಟು ಬೇಗ ಜಾರುತ್ತದೆ ಎಂಬುದು ಜನರನ್ನು ಕೂರಿಸಿಕೊಳ್ಳುವ ಮೊದಲೇ ನಿಮ್ಮ ಕಾಲಿಗೆ ಗೊತ್ತಾಗಬೇಕು.

ಬಿಎಸ್‌-6 ಡೀಸೆಲ್: ಹಳೆಯ ಅಭ್ಯಾಸ ಬಿಡಬೇಕಾದ ಕಡೆ

2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ಹೊಸ ಗಾಡಿಗಳೆಲ್ಲ ಬಿಎಸ್‌-6. ಇದರ ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 10 ಭಾಗ) ಮೀರುವಂತಿಲ್ಲ. ಬಿಎಸ್‌-4ರಲ್ಲಿ 50 ಇತ್ತು. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳ ರಂಧ್ರ ತೀರಾ ಸಣ್ಣದು, ಒತ್ತಡ ಸಾವಿರ ಬಾರ್‌ಗೂ ಮಿಕ್ಕಿದ್ದು. ಪಂಪ್‌ಸೆಟ್ಟಿಗೆ ತಂದಿಟ್ಟ ಬ್ಯಾರಲ್ಲಿನ ಡೀಸೆಲನ್ನು ಬಟ್ಟೆಯಲ್ಲಿ ಸೋಸಿ ಸುರಿಯುವುದು, ಸೀಮೆಎಣ್ಣೆ ಬೆರೆಸುವುದು ಹಳೆಯ ಎಂಜಿನ್‌ನಲ್ಲಿ ಬರೀ ಕೆಮ್ಮು ತರಿಸುತ್ತಿತ್ತು. ಇಲ್ಲಿ ಇಂಜೆಕ್ಟರ್, ಪಂಪ್ ಎರಡನ್ನೂ ಬದಲಿಸುವ ಬಿಲ್ಲು ತರುತ್ತದೆ. ಫಿಲ್ಟರಿನಲ್ಲಿ ನೀರು ಸೇರಿದ ದೀಪ ಹತ್ತಿದರೆ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಹೇಳಿದಂತೆ ಕೆಳಗಿನ ತಿರುಪು ಸಡಿಲಿಸಿ ನೀರು ಬಿಡಿ, ಅಥವಾ ಬಿಡಿಸಿ. ಟ್ಯಾಂಕ್ ಖಾಲಿಯಾಗುವವರೆಗೆ ಓಡಿಸಿ ಏರ್ ಹಿಡಿಸಿಕೊಳ್ಳಬೇಡಿ. ಅಪ್ಪಿತಪ್ಪಿ ಪೆಟ್ರೋಲ್ ಹಾಕಿಸಿದ್ದರೆ ಕೀಲಿಯನ್ನೂ ತಿರುಗಿಸದೆ ಟ್ಯಾಂಕ್ ಖಾಲಿ ಮಾಡಿಸಿ.

ಕೆಲವು ಪಿಕಪ್‌ಗಳಲ್ಲಿ ಹೊಗೆಯ ವಿಷ ತಗ್ಗಿಸುವ ಡಿಇಎಫ್ ಎಂಬ ದ್ರವಕ್ಕೆ ಬೇರೆ ಟ್ಯಾಂಕ್, ನೀಲಿ ಮುಚ್ಚಳ ಇರುತ್ತದೆ. ಅದು ಶುದ್ಧ ನೀರಿನಲ್ಲಿ ಶೇ 32.5ರಷ್ಟು ಶುದ್ಧ ಯೂರಿಯಾ ಕರಗಿಸಿದ ದ್ರವ. ಯೂರಿಯಾ ಎಂಬ ಹೆಸರು ಕೇಳಿ ಗೊಬ್ಬರದ ಚೀಲ ಬಿಚ್ಚಿ ಬಕೆಟ್ಟಿನಲ್ಲಿ ಕಲಸಿ ಹಾಕುವ ಜಾಣರಿದ್ದಾರೆ. ಗೊಬ್ಬರದ ಯೂರಿಯಾಕ್ಕೆ ಬೇವಿನ ಲೇಪ ಇರುತ್ತದೆ, ಕಲ್ಮಶ ಇರುತ್ತದೆ; ಸಿಂಪಡಿಸುವ ನಳಿಕೆ ಕಟ್ಟಿಕೊಂಡು ಇಡೀ ವ್ಯವಸ್ಥೆ ಹಾಳಾಗುತ್ತದೆ. ಡಿಇಎಫ್ ಅನ್ನು ಡೀಸೆಲ್ ಟ್ಯಾಂಕಿಗೆ ಸುರಿದರಂತೂ ಕೇಳುವುದೇ ಬೇಡ. ಡಿಇಎಫ್ ಮುಗಿಯುವ ಮುನ್ನವೇ ದೀಪ ಹತ್ತುತ್ತದೆ. ಕಡೆಗಣಿಸಿದರೆ ಎಂಜಿನ್ ಶಕ್ತಿ ತಗ್ಗಿಸಿಕೊಳ್ಳುತ್ತದೆ ಅಥವಾ ಮತ್ತೆ ಸ್ಟಾರ್ಟ್ ಆಗಲು ಒಪ್ಪುವುದಿಲ್ಲ. ಸಂಜೆ ಆರು ಗಂಟೆಗೆ ಕೆಲಸದವರನ್ನು ಕೂರಿಸಿಕೊಂಡು ತೋಟದ ನಡುವೆ ನಿಲ್ಲುವ ಗಾಡಿ ಯಾರಿಗೆ ಬೇಕು?

ಇನ್ನು ಡಿಪಿಎಫ್, ಹೊಗೆಯ ಮಸಿ ಹಿಡಿಯುವ ಜರಡಿ. ತೋಟದಿಂದ ಮನೆಗೆ, ಮನೆಯಿಂದ ಅಂಗಡಿಗೆ ಎಂದು ಎರಡು ಮೂರು ಕಿಲೋಮೀಟರ್ ಓಡಿಸುವವರಿಗೇ ಇದು ಕಟ್ಟಿಕೊಳ್ಳುವುದು. ದೀಪ ಹತ್ತಿದರೆ ಗಾಡಿಯನ್ನು ಹೆದ್ದಾರಿಗೆ ಒಯ್ದು, ಪುಸ್ತಕದಲ್ಲಿ ಹೇಳಿದ ವೇಗದಲ್ಲಿ, ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಬೇಕು. ಆಗ ಮಸಿ ಸುಟ್ಟುಹೋಗುತ್ತದೆ. ವಾರಕ್ಕೊಮ್ಮೆ ಸಂತೆಗೆ ದೂರದ ದಾರಿ ಹಿಡಿದರೆ ದೀಪ ಹತ್ತುವ ಪ್ರಮೇಯವೇ ಕಡಿಮೆ. ಜರಡಿಯನ್ನೇ ಕಿತ್ತು ಹಾಕಿಸಿಕೊಡುತ್ತೇನೆ ಎನ್ನುವ ಮೆಕ್ಯಾನಿಕ್ಕಿನಿಂದ ದೂರ ಇರಿ, ವಾರಂಟಿಯೂ ಹೋಗುತ್ತದೆ, ಕಾನೂನೂ ಮುರಿದಂತಾಗುತ್ತದೆ.

ಮಸಿ ಸುಡುವಾಗ ಜರಡಿಯ ಬಿಸಿ 600 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರುತ್ತದೆ. ಒಣಹುಲ್ಲು, ಅಡಿಕೆ ಸಿಪ್ಪೆ, ತರಗೆಲೆಯ ಮೇಲೆ ಗಾಡಿ ನಿಲ್ಲಿಸಬಾರದು. ಸುಗ್ಗಿಯಲ್ಲಿ ಬಯಲುಸೀಮೆಯ ರಸ್ತೆಗಳ ಮೇಲೆ ರಾಗಿ, ಹುರುಳಿ ಹರಡಿ ಒಕ್ಕುತ್ತಾರೆ. ಹುರುಳಿಯ ಬಳ್ಳಿ ಗಾಡಿಯ ಕೆಳಗೆ ತಿರುಗುವ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು, ಸೈಲೆನ್ಸರಿಗೆ ತಗುಲಿ ಬೆಂಕಿ ಹತ್ತಿ ಗಾಡಿಗಳು ಸುಟ್ಟುಹೋಗಿವೆ. ದಾರಿ ಇದ್ದರೆ ಸುತ್ತಿಕೊಂಡು ಹೋಗಿ. ಇಲ್ಲದಿದ್ದರೆ ದಾಟಿದ ಕೂಡಲೇ ನಿಲ್ಲಿಸಿ, ಬಗ್ಗಿ ನೋಡಿ, ಎಂಜಿನ್ ಆರಿಸಿ ಕೋಲಿನಿಂದ ಕಿತ್ತು ತೆಗೆಯಿರಿ. ಸುಟ್ಟ ವಾಸನೆ ಬಂದರೆ ಮೊದಲು ಜನ ಕೆಳಗಿಳಿಯಲಿ, ತಪಾಸಣೆ ಆಮೇಲೆ.

ಬೆಳಗಿನ ಚಳಿಯಲ್ಲಿ ಕೀಲಿ ಒಂದು ಹಂತ ತಿರುಗಿಸಿ, ಸುರುಳಿ ಆಕಾರದ ದೀಪ ಆರಿದ ಮೇಲೆ ಸ್ಟಾರ್ಟ್ ಮಾಡಿ. ಘಟ್ಟ ಹತ್ತಿ ಬಂದ ಗಾಡಿಯನ್ನು ತಕ್ಷಣ ಆರಿಸದೆ ಒಂದು ನಿಮಿಷ ಹಾಗೇ ಬಿಡಿ, ಟರ್ಬೊ ತಣಿಯಲಿ.

ಘಟ್ಟ, ಮಳೆ, ರಾತ್ರಿ

ಶಿರಾಡಿ, ಚಾರ್ಮಾಡಿ, ಆಗುಂಬೆ, ಯಾವ ಘಟ್ಟವಾದರೂ ಇಳಿಯುವುದು ಹತ್ತಿದ ಗೇರಿನಲ್ಲೇ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವವರು ಉಳಿಸುವುದು ಏನೂ ಇಲ್ಲ; ಈಗಿನ ಎಂಜಿನ್ ಗೇರಿನಲ್ಲಿ ಇಳಿಯುವಾಗ ಎಕ್ಸಲರೇಟರ್ ಬಿಟ್ಟರೆ ಡೀಸೆಲ್ ಚಿಮ್ಮಿಸುವುದನ್ನೇ ನಿಲ್ಲಿಸುತ್ತದೆ. ಎಂಜಿನ್ ಆರಿಸಿ ಇಳಿಸುವುದು ಆತ್ಮಹತ್ಯೆ. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಎಂಜಿನ್‌ನಿಂದಲೇ ತಿರುಗುತ್ತದೆ, ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ, ಪವರ್ ಸ್ಟೇರಿಂಗೂ ಬಿಗಿಯಾಗುತ್ತದೆ. ಕಿರಿದಾದ ಕಡೆ ಹತ್ತುವ ಗಾಡಿಗೆ ದಾರಿ ಬಿಡಿ. ಮಂಜಿನಲ್ಲಿ ಡಿಮ್ ಲೈಟು, ಹೈ ಬೀಮ್ ಹಾಕಿದರೆ ಬಿಳಿ ಗೋಡೆ ಎದುರು ನಿಲ್ಲುತ್ತದೆ. ಫೋರ್ ವೀಲ್ ಡ್ರೈವ್ ಇದ್ದರೆ ಕೆಸರಿನಲ್ಲಿ ಮಾತ್ರ ಹಾಕಿ, ಒಣ ಡಾಂಬರಿನಲ್ಲಿ ಬೇಡ.

ಹಳ್ಳ ತುಂಬಿ ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಜನರಿದ್ದಾಗ ದಾಟುವ ಮಾತೇ ಇಲ್ಲ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಳೆಸಿಕೊಂಡು ಹೋಗಿ.

ದಾರಿಯಲ್ಲಿ ನಿಂತರೆ

ಗಾಡಿ ಕೆಟ್ಟು ನಿಂತಾಗ ಕ್ಯಾಬಿನ್‌ನಲ್ಲಿ ಕೂತು ಕಾಯುವುದು ಅಪಾಯ. ಎಲ್ಲರನ್ನೂ ಎಡಬದಿಯಿಂದ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ, ಹಿಂದೆ ಸಾಕಷ್ಟು ದೂರದಲ್ಲಿ ಪ್ರತಿಫಲಕ ತ್ರಿಕೋನ ಇಡಿ. ಕಲ್ಲು, ಸೊಪ್ಪು ಇಟ್ಟು ಹಾಗೇ ಬಿಟ್ಟುಹೋಗುವ ಪದ್ಧತಿಯಿಂದ ಹಿಂದಿನ ಬೈಕಿನವರು ಸಾಯುತ್ತಾರೆ. ತುರ್ತಿಗೆ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ 2025ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಆಸ್ಪತ್ರೆಯಲ್ಲಿ ಮೊದಲು ದುಡ್ಡು ಕಟ್ಟಿ ಎಂದರೆ ಇದನ್ನು ಹೆಸರಿಸಿ ಕೇಳಿ.

ಮೊದಲ ಸರ್ವೀಸ್‌ಗೆ ಪುಸ್ತಕದಲ್ಲಿರುವ ಕಿಲೋಮೀಟರ್ ಅಥವಾ ತಿಂಗಳು, ಯಾವುದು ಮೊದಲು ಬರುತ್ತದೋ ಆಗಲೇ ಹೋಗಿ. ಎಂಜಿನ್ ಆಯಿಲ್ ಡಿಪಿಎಫ್ ಗಾಡಿಗೆ ಹೊಂದುವ, ಕಂಪನಿ ಹೇಳಿದ ದರ್ಜೆಯದೇ ಆಗಿರಲಿ. ಡಬ್ಬದ ಮೇಲಿನ ದರ್ಜೆಯನ್ನು ನೀವೇ ಓದಿ ನೋಡಿ, ಬಿಲ್ಲಿನಲ್ಲಿ ಅದನ್ನೇ ಬರೆಸಿಕೊಳ್ಳಿ.